ನ್ಯಾಸ್ ನಿಂತರೆ ಡೇಟಾಬೇಸ್ ಯಾಕೆ ನಿಲ್ಲಬೇಕು?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಒಂದು ಪತ್ತಿನ ಸಹಕಾರ ಸಂಘ. ಐಟಿ ಕೆಲಸಕ್ಕೆ ಇರುವುದು ನಾವಿಬ್ಬರೇ. ಲಿನಕ್ಸ್ ಸರ್ವರ್ ಮೇಲೆ ಪೋಸ್ಟ್‌ಗ್ರೆಸ್ 16 ಅನ್ನುವ ಡೇಟಾಬೇಸ್ ತಂತ್ರಾಂಶ ಇದೆ. ಡೇಟಾಬೇಸ್ 800 ಜಿಬಿ, ರ‍್ಯಾಮ್ 128 ಜಿಬಿ. ಬ್ಯಾಕಪ್‌ಗೆಂದು ನಾಲ್ಕು ಡಿಸ್ಕಿನ ನ್ಯಾಸ್ (ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್ ಪೆಟ್ಟಿಗೆ) ತಂದು, ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ರೇಡ್ 5 ಮಾಡಿ, ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ವ್ಯವಸ್ಥೆ) ಮೂಲಕ ಮೌಂಟ್ ಮಾಡಿದ್ದೇವೆ, ಅಂದರೆ ಸರ್ವರ್‌ನಲ್ಲಿ ಒಂದು ಫೋಲ್ಡರಿನಂತೆ ಜೋಡಿಸಿದ್ದೇವೆ. ಸರ್ವರ್‌ನಲ್ಲೂ ನ್ಯಾಸ್‌ನಲ್ಲೂ 1 ಗಿಗಾಬಿಟ್‌ನ ಎರಡೆರಡು ಪೋರ್ಟ್‌ಗಳನ್ನು ಬಾಂಡ್ ಮಾಡಿದ್ದೇವೆ, ಅಂದರೆ ಒಂದೇ ಆಗಿ ಸೇರಿಸಿದ್ದೇವೆ. ರಾತ್ರಿ 11ಕ್ಕೆ ಪಿಜಿ ಬೇಸ್‌ಬ್ಯಾಕಪ್ (ಪೋಸ್ಟ್‌ಗ್ರೆಸ್‌ನ ಪೂರ್ತಿ ಬ್ಯಾಕಪ್ ತೆಗೆಯುವ ಕಮಾಂಡ್) ಶುರುವಾಗುತ್ತದೆ. ಜಿಜಿಪ್‌ನಿಂದ ಕುಗ್ಗಿಸಿದ ಫೈಲ್ ಸುಮಾರು 260 ಜಿಬಿ. ಮುಗಿಯುವಾಗ ಬೆಳಿಗ್ಗೆ 8. ವಾಲ್ ಫೈಲ್‌ಗಳನ್ನೂ (ಡೇಟಾಬೇಸಿನ ಪ್ರತಿ ಬದಲಾವಣೆಯ ದಾಖಲೆ) ಆರ್ಕೈವ್ ಕಮಾಂಡ್ ಅದೇ ನ್ಯಾಸ್‌ಗೆ ಕಾಪಿ ಮಾಡುತ್ತದೆ. ಹೋದ ತಿಂಗಳು ನ್ಯಾಸ್ ಕೆಟ್ಟು ನಿಂತಿತು. ಮೂರು ಗಂಟೆ ಬಿಟ್ಟು ಡೇಟಾಬೇಸೂ ನಿಂತಿತು. ಡಿಸ್ಕಿನ ಜಾಗ ತೋರಿಸುವ ಡಿಎಫ್ ಕಮಾಂಡ್ ಕೊಟ್ಟರೆ ಉತ್ತರವೇ ಇಲ್ಲ. ಕೊನೆಗೆ ಸರ್ವರ್ ರೀಬೂಟ್ ಮಾಡಿದೆವು. ಸಾಫ್ಟ್ ಮೌಂಟ್ (ನ್ಯಾಸ್ ಉತ್ತರ ಕೊಡದಿದ್ದರೆ ಕಾಯದೆ ಕೈಬಿಡುವ ಬಗೆ) ಮಾಡಿ ಅಂತ ಒಬ್ಬರು ಹೇಳುತ್ತಾರೆ. 10 ಗಿಗಾಬಿಟ್ ಸ್ವಿಚ್ ಕೊಳ್ಳಿ ಅಂತ ಮಾರುವವರು ಹೇಳುತ್ತಾರೆ. ಯಾವುದು ಸರಿ? ಇದರ ಮೇಲೆ ಕಣ್ಣಿಡುವುದು ಹೇಗೆ?

ಉತ್ತರ: ಎರಡು ಮಾತು ನೇರವಾಗಿ ಹೇಳಿಬಿಡುತ್ತೇನೆ. ಸಾಫ್ಟ್ ಮೌಂಟ್ ಮಾಡಬೇಡಿ. ಸ್ವಿಚ್ಚಿಗೆ ಈಗಲೇ ದುಡ್ಡು ಹಾಕಬೇಡಿ.

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಬ್ಯಾಕಪ್ ನಿಧಾನ ಅನ್ನುವುದು ಒಂದು. ನ್ಯಾಸ್ ಹೋದಾಗ ಡೇಟಾಬೇಸನ್ನೂ ಎಳೆದುಕೊಂಡು ಹೋಯಿತು ಅನ್ನುವುದು ಇನ್ನೊಂದು. ಎರಡಕ್ಕೂ ನ್ಯಾಸ್ ಕಡೆ ಬೊಟ್ಟು ಮಾಡುವುದು ಸುಲಭ. ಆದರೆ ಮೊದಲನೆಯದಕ್ಕೆ ನ್ಯಾಸ್ ಕಾರಣ ಇರಲಾರದು ಅಂತ ನೀವೇ ಕೊಟ್ಟ ಅಂಕಿ ಹೇಳುತ್ತದೆ. ಎರಡನೆಯದು ನ್ಯಾಸನ್ನು ಡೇಟಾಬೇಸಿಗೆ ಕಟ್ಟಿದ ರೀತಿಯಲ್ಲಿರುವ ತೊಂದರೆ.

ಲೆಕ್ಕ ಹಾಕೋಣ. 1 ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ 125 ಎಂಬಿ ಹೋಗಬಹುದು ಅನ್ನುವುದು ಕಾಗದದ ಲೆಕ್ಕ. ನಿಜವಾಗಿ 110ರಿಂದ 115 ಸಿಗುತ್ತದೆ. ನೀವು 260 ಜಿಬಿ ಕಳಿಸಲು 9 ಗಂಟೆ ತೆಗೆದುಕೊಳ್ಳುತ್ತಿದ್ದೀರಿ. ಅಂದರೆ ಸೆಕೆಂಡಿಗೆ ಬರೀ 8 ಎಂಬಿ. ಒಂದೇ ತಂತಿಯ ಹತ್ತನೇ ಒಂದು ಪಾಲೂ ಆಗಲಿಲ್ಲ. ಅದೇ ತಂತಿ ಪೂರ್ತಿ ತುಂಬಿ ಹರಿದರೆ 260 ಜಿಬಿಗೆ 40 ನಿಮಿಷ ಸಾಕು. ರಸ್ತೆ ಖಾಲಿ ಬಿದ್ದಿರುವಾಗ ಅದನ್ನು ಇನ್ನೂ ಅಗಲ ಮಾಡಿ ಪ್ರಯೋಜನ ಇಲ್ಲ, ಅಲ್ವಾ?

ಹಾಗಾದರೆ ತಡ ಎಲ್ಲಿ? ಡೇಟಾಬೇಸ್ ಕಡೆಯಿಂದ ನೋಡಿ. 800 ಜಿಬಿ ಓದಲು 9 ಗಂಟೆ ಅಂದರೆ ಸೆಕೆಂಡಿಗೆ ಸುಮಾರು 25 ಎಂಬಿ. ಈ ಅಂಕಿ ನೋಡಿದ ತಕ್ಷಣ ನನಗೆ ಜಿಜಿಪ್ ನೆನಪಾಗುತ್ತದೆ. ಪಿಜಿ ಬೇಸ್‌ಬ್ಯಾಕಪ್ ಜಿಜಿಪ್ ಮಾಡುವಾಗ ಸಿಪಿಯುವಿನ ಒಂದೇ ಒಂದು ಕೋರ್ ಬಳಸುತ್ತದೆ. ಸರ್ವರ್‌ನಲ್ಲಿ 16 ಕೋರ್ ಇದ್ದರೂ 15 ಸುಮ್ನೆ ಕೂತಿರುತ್ತವೆ. ಇವತ್ತು ರಾತ್ರಿ ಬ್ಯಾಕಪ್ ಓಡುವಾಗ ಸಿಪಿಯು ಬಳಕೆ ತೋರಿಸುವ ಟಾಪ್ ಕಮಾಂಡ್ ತೆರೆದು ನೋಡಿ. ಪಿಜಿ ಬೇಸ್‌ಬ್ಯಾಕಪ್ ಸಾಲಿನಲ್ಲಿ 100 ಪರ್ಸೆಂಟ್ ಕಂಡರೆ ಉತ್ತರ ಸಿಕ್ಕಿತು.

ಪೋಸ್ಟ್‌ಗ್ರೆಸ್ 15ರಿಂದ, ಅಂದರೆ 2022ರಿಂದ, ಪಿಜಿ ಬೇಸ್‌ಬ್ಯಾಕಪ್‌ಗೆ ಝಡ್‌ಎಸ್‌ಟಿಡಿ ಮತ್ತು ಎಲ್‌ಝಡ್4 ಕಂಪ್ರೆಷನ್ ಬಂದಿದೆ. ಕಂಪ್ರೆಸ್ ಆಯ್ಕೆಯಲ್ಲಿ ಝಡ್‌ಎಸ್‌ಟಿಡಿ ಕೊಟ್ಟು, ಲೆವೆಲ್ 3, ವರ್ಕರ್ಸ್ 4 ಅಂತ ಹಾಕಿ. ನಾಲ್ಕು ಥ್ರೆಡ್‌ಗಳು ಕೆಲಸ ಹಂಚಿಕೊಳ್ಳುತ್ತವೆ. ಫೈಲ್ ಗಾತ್ರ ಜಿಜಿಪ್‌ನಷ್ಟೇ ಇರುತ್ತದೆ, ಕೆಲವು ಸಲ ಚಿಕ್ಕದೇ ಆಗುತ್ತದೆ. ನಿಮ್ಮ 9 ಗಂಟೆ ಬಹಳ ಇಳಿಯುತ್ತದೆ. ಎಷ್ಟು ಅನ್ನುವುದನ್ನು ನಿಮ್ಮ ಡಿಸ್ಕೇ ಹೇಳಬೇಕು.

ಊಹೆಯ ಮೇಲೆ ಬದಲಾಯಿಸುತ್ತಾ ಹೋಗಬೇಡಿ. ದಾರಿಯನ್ನು ಮೂರು ತುಂಡು ಮಾಡಿ, ಒಂದೊಂದನ್ನೂ ಬೇರೆಯಾಗಿ ಅಳೆಯಿರಿ. ಮೊದಲ ತುಂಡು, ಡೇಟಾಬೇಸ್ ಡಿಸ್ಕಿನಿಂದ ಓದುವ ವೇಗ. ಪಿಜಿ ಬೇಸ್‌ಬ್ಯಾಕಪ್ಪನ್ನು ಕಂಪ್ರೆಷನ್ ಇಲ್ಲದೆ, ಟಾರ್ ರೂಪದಲ್ಲಿ, ವಾಲ್ ಬಿಟ್ಟು, ಡೆವ್ ನಲ್‌ಗೆ, ಅಂದರೆ ಬಂದದ್ದನ್ನೆಲ್ಲ ಎಸೆದುಬಿಡುವ ಕಡೆಗೆ, ಓಡಿಸಿ. ಹತ್ತು ನಿಮಿಷ ಸಾಕು. ಎರಡನೇ ತುಂಡು, ತಂತಿ. ಎರಡೂ ಕಡೆ ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಓಡಿಸಿ. ಆರೋಗ್ಯವಾಗಿರುವ ಗಿಗಾಬಿಟ್ ನೆಟ್‌ವರ್ಕ್ 940 ಮೆಗಾಬಿಟ್‌ನ ಆಸುಪಾಸು ತೋರಿಸುತ್ತದೆ. 600 ಬಂದರೆ ಕೇಬಲ್ಲೋ ಪೋರ್ಟೋ ಸ್ವಿಚ್ಚೋ ಎಲ್ಲೋ ಸರಿಯಿಲ್ಲ. 94 ಬಂದರೆ ಯಾವುದೋ ಪೋರ್ಟ್ 100 ಮೆಗಾಬಿಟ್‌ಗೆ ಇಳಿದಿದೆ. ಹೆಚ್ಚಾಗಿ ಅದು ಕೇಬಲ್ ದೋಷ. ಮೂರನೇ ತುಂಡು, ನ್ಯಾಸ್ ಬರೆಯುವ ವೇಗ. ಇದಕ್ಕೆ ಎಫ್‌ಐಒ ಅನ್ನುವ ಟೂಲ್ ಒಳ್ಳೆಯದು. ದೊಡ್ಡ ಬ್ಲಾಕ್, ಸಾಲಾಗಿ ಬರೆಯುವುದು, ಕೊನೆಯಲ್ಲಿ ಎಫ್‌ಸಿಂಕ್ (ಡೇಟಾವನ್ನು ನಿಜವಾಗಿ ಡಿಸ್ಕಿಗೆ ಇಳಿಸುವ ಆಜ್ಞೆ).

ಇಲ್ಲೊಂದು ಎಚ್ಚರಿಕೆ. ಡಿಡಿ ಅನ್ನುವ ಕಾಪಿ ಕಮಾಂಡಿಗೆ ಡೆವ್ ಝೀರೋ, ಅಂದರೆ ಬರೀ ಸೊನ್ನೆಗಳು, ಕೊಟ್ಟು ಅಳೆಯುವ ಅಭ್ಯಾಸ ಬಹಳ ಜನಕ್ಕಿದೆ. ನ್ಯಾಸ್‌ನಲ್ಲಿ ಕಂಪ್ರೆಷನ್ ಆನ್ ಇದ್ದರೆ ಸೊನ್ನೆಗಳೆಲ್ಲ ಕರಗಿಹೋಗುತ್ತವೆ, ಡಿಸ್ಕಿಗೆ ಏನೂ ತಲುಪುವುದಿಲ್ಲ. ಬಂದ ಅಂಕಿ ನೋಡಿ ಖುಷಿಪಟ್ಟರೆ ಮೋಸ ಹೋಗುತ್ತೀರಿ. ಅಳತೆಯ ಫೈಲ್ ರ‍್ಯಾಮಿಗಿಂತ ದೊಡ್ಡದಿರಲಿ, ಒಳಗಿನ ಡೇಟಾ ರ‍್ಯಾಂಡಮ್ ಆಗಿರಲಿ.

ಬಾಂಡ್ ಬಗ್ಗೆಯೂ ಹೇಳಬೇಕು. ಎರಡು ತಂತಿ ಸೇರಿಸಿದರೆ ವೇಗ ಎರಡರಷ್ಟು ಅಂತ ಅಂದುಕೊಂಡಿರುತ್ತೇವೆ. ಆದರೆ ಎಲ್‌ಎಸಿಪಿ (ತಂತಿಗಳನ್ನು ಸೇರಿಸುವ ಮಾಮೂಲಿ ವಿಧಾನ) ಬಾಂಡ್‌ನಲ್ಲಿ ಒಂದು ಟಿಸಿಪಿ ಕನೆಕ್ಷನ್ ಒಂದೇ ತಂತಿಯಲ್ಲಿ ಹೋಗುತ್ತದೆ. ಎನ್‌ಎಫ್‌ಎಸ್ ಮೌಂಟ್ ಮಾಮೂಲಿಯಾಗಿ ತೆರೆಯುವುದು ಒಂದೇ ಕನೆಕ್ಷನ್. ಹಾಗಾಗಿ ನಿಮ್ಮ ಬಾಂಡ್ ಒಂದು ತಂತಿ ಕಿತ್ತುಹೋದಾಗ ಕಾಪಾಡುತ್ತದೆ, ವೇಗ ಕೊಡುವುದಿಲ್ಲ. ಲಿನಕ್ಸ್ ಕರ್ನೆಲ್ 5.3ರಿಂದ ಎನ್‌ಕನೆಕ್ಟ್ ಅನ್ನುವ ಮೌಂಟ್ ಆಯ್ಕೆ ಇದೆ. ಅದಕ್ಕೆ 4 ಕೊಟ್ಟರೆ ನಾಲ್ಕು ಕನೆಕ್ಷನ್ ತೆರೆಯುತ್ತದೆ. ಅವು ಎರಡು ತಂತಿಗಳಿಗೆ ಹಂಚಿಹೋಗಬೇಕಾದರೆ ಬಾಂಡ್‌ನ ಹ್ಯಾಶ್ ಪಾಲಿಸಿ (ಯಾವ ಕನೆಕ್ಷನ್ ಯಾವ ತಂತಿಗೆ ಅನ್ನುವ ನಿಯಮ) ಟಿಸಿಪಿ ಪೋರ್ಟ್ ನಂಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಸ್ವಿಚ್ ಕಡೆಯಲ್ಲೂ ಹಾಗೇ ಇರಬೇಕು. ಹಲವು ಅಗ್ಗದ ಸ್ವಿಚ್ಚುಗಳು ಇದನ್ನು ಮಾಡುವುದಿಲ್ಲ. ನಿಮಗೆ ಈಗ ಇದರ ಅಗತ್ಯವೂ ಇಲ್ಲ.

ಈಗ ಹೆಚ್ಚು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಡೇಟಾಬೇಸ್ ಯಾಕೆ ನಿಂತಿತು?

ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್‌ಗೆ ಬರೆಯುತ್ತದೆ. ಒಂದೊಂದು ವಾಲ್ ಫೈಲ್ 16 ಎಂಬಿ. ಫೈಲ್ ತುಂಬಿದ ಮೇಲೆ ಆರ್ಕೈವ್ ಕಮಾಂಡ್ ಅದನ್ನು ಸಾಗಿಸಬೇಕು. ಸಾಗಿಸಿ ಆಯಿತು ಅಂತ ಉತ್ತರ ಬರುವ ತನಕ ಪೋಸ್ಟ್‌ಗ್ರೆಸ್ ಆ ಫೈಲನ್ನು ಅಳಿಸುವುದಿಲ್ಲ. ಇದು ಸರಿಯಾದ ನಡತೆಯೇ. ನಿಮ್ಮ ನ್ಯಾಸ್ ಸತ್ತಾಗ ಕಾಪಿ ಕಮಾಂಡ್ ಅಲ್ಲೇ ಕಾಯುತ್ತಾ ನಿಂತಿತು. ಅದರ ಹಿಂದೆ ಆರ್ಕೈವರ್ ನಿಂತಿತು. ಕೌಂಟರಿನಲ್ಲಿ ವ್ಯವಹಾರ ನಡೆಯುತ್ತಲೇ ಇತ್ತು, ವಾಲ್ ಫೈಲ್‌ಗಳು ರಾಶಿ ಬೀಳುತ್ತಲೇ ಇದ್ದವು. ಮೂರು ಗಂಟೆಯಲ್ಲಿ ಡಿಸ್ಕ್ ತುಂಬಿತು. ವಾಲ್ ಬರೆಯಲು ಜಾಗ ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಪ್ಯಾನಿಕ್ ಅಂತ ಲಾಗ್‌ನಲ್ಲಿ ಬರೆದು ನಿಂತುಬಿಡುತ್ತದೆ. ಆ ದಿನದ ಲಾಗ್ ತೆಗೆದು ನೋಡಿ. ಆ ಪದ ಅಲ್ಲಿ ಇರುತ್ತದೆ ಅಂತ ನನ್ನ ನಂಬಿಕೆ.

ಇಂಥ ಹೊತ್ತಿನಲ್ಲಿ ಜಾಗ ಮಾಡಲು ಅಂತ ಪಿಜಿ ವಾಲ್ ಫೋಲ್ಡರಿನ ಫೈಲ್‌ಗಳನ್ನು ಕೈಯಿಂದ ಅಳಿಸಿದವರಿದ್ದಾರೆ. ದಯವಿಟ್ಟು ಹಾಗೆ ಎಂದೂ ಮಾಡಬೇಡಿ. ಡೇಟಾಬೇಸ್ ಮತ್ತೆ ಏಳದೇ ಇರಬಹುದು. ಹಿಂದೆ ಈ ಫೋಲ್ಡರಿನ ಹೆಸರು ಪಿಜಿ ಎಕ್ಸ್‌ಲಾಗ್ ಅಂತಿತ್ತು. ಲಾಗ್ ಅಂತ ನೋಡಿ, ಬೇಡದ ಫೈಲ್ ಅಂದುಕೊಂಡು ಜನ ಅಳಿಸುತ್ತಿದ್ದರು. ಅದಕ್ಕೇ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಹೆಸರನ್ನೇ ಬದಲಾಯಿಸಿದರು. ಜಾಗ ಬೇಕಾದರೆ ಅದೇ ಡಿಸ್ಕಿನಲ್ಲಿ ಬೇರೆ ಏನಾದರೂ ತೆಗೆಯಿರಿ, ಇಲ್ಲವೇ ಡಿಸ್ಕ್ ದೊಡ್ಡದು ಮಾಡಿ. ಸರ್ವರ್ ರೀಬೂಟ್ ಮಾಡುವ ಅಗತ್ಯವೂ ಇರಲಿಲ್ಲ. ಸತ್ತ ಮೌಂಟನ್ನು ಯೂಮೌಂಟ್ ಕಮಾಂಡಿಗೆ ಫೋರ್ಸ್ ಆಯ್ಕೆ ಕೊಟ್ಟು ಬಿಡಿಸಬಹುದು. ಅದೂ ಆಗದಿದ್ದರೆ ಲೇಜಿ ಆಯ್ಕೆ ಇದೆ.

ಹಾಗಾದರೆ ಸಾಫ್ಟ್ ಮೌಂಟ್ ಯಾಕೆ ಬೇಡ? ಹಾರ್ಡ್ ಮೌಂಟ್‌ನಲ್ಲಿ ನ್ಯಾಸ್ ಉತ್ತರ ಕೊಡದಿದ್ದರೆ ಕ್ಲೈಂಟ್ ಕಾಯುತ್ತಲೇ ಇರುತ್ತದೆ. ನ್ಯಾಸ್ ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ಒಂದು ಬೈಟೂ ಕಳೆಯುವುದಿಲ್ಲ. ಸಾಫ್ಟ್ ಮೌಂಟ್‌ನಲ್ಲಿ ಕೆಲವು ಸಲ ಪ್ರಯತ್ನಿಸಿ, ಕೈಬಿಟ್ಟು, ಬರೆಯುತ್ತಿದ್ದ ಪ್ರೋಗ್ರಾಮಿಗೆ ದೋಷ ಅಂತ ಹೇಳುತ್ತದೆ. ಆ ಪ್ರೋಗ್ರಾಮ್ ದೋಷವನ್ನು ಸರಿಯಾಗಿ ಗಮನಿಸಿದರೆ ಪರವಾಗಿಲ್ಲ. ಗಮನಿಸದಿದ್ದರೆ ನ್ಯಾಸ್‌ನಲ್ಲಿ ಅರ್ಧ ಬರೆದ ಫೈಲ್ ಉಳಿಯುತ್ತದೆ, ಹೆಸರು ಮಾತ್ರ ಪೂರ್ತಿ ಬ್ಯಾಕಪ್ಪಿನದು. ಕೆಟ್ಟ ಬ್ಯಾಕಪ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ, ಯಾಕೆಂದರೆ ಇಲ್ಲ ಅಂತ ಗೊತ್ತಿದ್ದರೆ ಏನಾದರೂ ಮಾಡುತ್ತೇವೆ. ಕಾಯುವುದು ತಪ್ಪಲ್ಲ. ಡೇಟಾಬೇಸ್ ಆ ಕಾಯುವಿಕೆಯಲ್ಲಿ ಸಿಕ್ಕಿಹಾಕಿಕೊಳ್ಳುವುದು ತಪ್ಪು. ಅದನ್ನು ಬಿಡಿಸಿ.

ಬಿಡಿಸುವುದು ಹೀಗೆ. ಸರ್ವರ್‌ನಲ್ಲೇ ಬೇರೆ ಡಿಸ್ಕಿನ ಮೇಲೆ ಒಂದು ತಂಗುದಾಣ ಮಾಡಿ. ಆರ್ಕೈವ್ ಕಮಾಂಡ್ ವಾಲ್ ಫೈಲನ್ನು ಅಲ್ಲಿಗೆ ಮಾತ್ರ ಹಾಕಲಿ. ಅದೇ ಹೆಸರಿನ ಫೈಲ್ ಆಗಲೇ ಇದ್ದರೆ ಮೇಲೆ ಬರೆಯಬಾರದು. ಮೊದಲು ತಾತ್ಕಾಲಿಕ ಹೆಸರಲ್ಲಿ ಬರೆದು, ಎಫ್‌ಸಿಂಕ್ ಮಾಡಿ, ಆಮೇಲೆ ನಿಜ ಹೆಸರಿಗೆ ಬದಲಾಯಿಸಬೇಕು. ಬರೀ ಸಿಪಿ (ಕಾಪಿ) ಕಮಾಂಡ್ ಎಫ್‌ಸಿಂಕ್ ಮಾಡುವುದಿಲ್ಲ ಅನ್ನುವುದು ನೆನಪಿರಲಿ. ಅಲ್ಲಿಂದ ನ್ಯಾಸ್‌ಗೆ ಸಾಗಿಸುವುದು ಬೇರೆಯದೇ ಕೆಲಸ. ನಿಮಿಷಕ್ಕೊಮ್ಮೆ ಓಡುವ ಆರ್‌ಸಿಂಕ್ (ಫೈಲ್ ಕಾಪಿ ಮಾಡುವ ಟೂಲ್) ಸಾಕು. ನ್ಯಾಸ್‌ಗೆ ಪೂರ್ತಿ ತಲುಪಿದ ಫೈಲನ್ನು ಮಾತ್ರ ತಂಗುದಾಣದಿಂದ ತೆಗೆಯಿರಿ. ನ್ಯಾಸ್ ಸತ್ತರೆ ಆರ್‌ಸಿಂಕ್ ಕಾಯುತ್ತದೆ. ಡೇಟಾಬೇಸಿಗೆ ಅದರ ಸುಳಿವೂ ಸಿಗುವುದಿಲ್ಲ.

ತಂಗುದಾಣ ಎಷ್ಟು ದೊಡ್ಡದಿರಬೇಕು? ಪಿಜಿ ಸ್ಟ್ಯಾಟ್ ಆರ್ಕೈವರ್ ಅನ್ನುವ ವ್ಯೂನಲ್ಲಿ ಈವರೆಗೆ ಎಷ್ಟು ಫೈಲ್ ಆರ್ಕೈವ್ ಆಗಿವೆ ಅಂತ ಇರುತ್ತದೆ. ಬೆಳಿಗ್ಗೆ 11ಕ್ಕೊಮ್ಮೆ, 12ಕ್ಕೊಮ್ಮೆ ನೋಡಿ ಕಳೆಯಿರಿ. 320 ಫೈಲ್ ಬಂದರೆ ಆ ಗಂಟೆಗೆ 5 ಜಿಬಿ. ಎರಡನೇ ಶನಿವಾರ, ಭಾನುವಾರ, ಅದರ ಬೆನ್ನಿಗೆ ಸೋಮವಾರ ಹಬ್ಬ ಬಂದರೆ ಮೂರು ದಿನ ಯಾರೂ ಆಫೀಸಿಗೆ ಬರುವುದಿಲ್ಲ. ಶುಕ್ರವಾರ ಸಂಜೆ ನ್ಯಾಸ್ ಸತ್ತರೂ ಮಂಗಳವಾರ ಬೆಳಿಗ್ಗೆ ತನಕ ತಡೆಯುವಷ್ಟು ಜಾಗ ಕೊಡಿ. ರಜೆಯಲ್ಲಿ ಕಡಿಮೆ ವಾಲ್ ಬರುತ್ತದೆ ನಿಜ, ಆದರೂ ಕೆಲಸದ ದಿನದ ಲೆಕ್ಕದಲ್ಲೇ ನಾಲ್ಕು ದಿನಕ್ಕೆ ಇಡಿ. ತಂಗುದಾಣ ಅರ್ಧ ತುಂಬಿದಾಗ ಫೋನಿಗೆ ಮೆಸೇಜ್ ಬರಬೇಕು. ಇದು ತೊಂದರೆಯನ್ನು ಇಲ್ಲವಾಗಿಸುವುದಿಲ್ಲ, ಸರಿಮಾಡಲು ನಿಮಗೆ ಸಮಯ ಕೊಡುತ್ತದೆ.

ಪಿಜಿಬ್ಯಾಕ್‌ರೆಸ್ಟ್ ಅನ್ನುವ ಬ್ಯಾಕಪ್ ಟೂಲ್ ಬಳಸುವವರಿಗೆ ಇನ್ನೊಂದು ದಾರಿ ಇದೆ. ಆರ್ಕೈವ್ ಆಗದ ವಾಲ್ ಇಷ್ಟು ಮೀರಿದರೆ ಬಿಟ್ಟುಬಿಡು ಅಂತ ಅದರಲ್ಲಿ ಮಿತಿ ಹಾಕಬಹುದು. ಆಗ ಡೇಟಾಬೇಸ್ ಉಳಿಯುತ್ತದೆ, ಆದರೆ ವಾಲ್ ಸರಪಳಿ ತುಂಡಾಗುತ್ತದೆ. ತುಂಡಾದ ಜಾಗ ದಾಟಿ ರೀಸ್ಟೋರ್ ಮಾಡಲಾಗದು, ಹೊಸ ಪೂರ್ತಿ ಬ್ಯಾಕಪ್ ತೆಗೆಯಲೇಬೇಕು. ಜನರ ಠೇವಣಿ ಲೆಕ್ಕ ಇಟ್ಟುಕೊಂಡಿರುವ ಸಂಘಕ್ಕೆ ನಾನು ಅದನ್ನು ಹೇಳುವುದಿಲ್ಲ. ಜಾಗವನ್ನೇ ಜಾಸ್ತಿ ಇಡಿ.

ಮೌಂಟ್ ಆಯ್ಕೆಗಳಲ್ಲಿ ನಾನು ಹಾಕುವುದು ಇಷ್ಟು. ಹಾರ್ಡ್. ಎನ್‌ಎಫ್‌ಎಸ್ ಆವೃತ್ತಿ 4.1 ಅಥವಾ 4.2. ಓದುವ, ಬರೆಯುವ ಅಳತೆ 1 ಎಂಬಿ. ಟೈಮ್‌ಔಟ್ 600, ಅಂದರೆ 60 ಸೆಕೆಂಡು, ಯಾಕೆಂದರೆ ಇಲ್ಲಿ ಲೆಕ್ಕ ಸೆಕೆಂಡಿನ ಹತ್ತನೇ ಭಾಗದಲ್ಲಿ. ಜೊತೆಗೆ ನೋಫೇಲ್ ಮತ್ತು ನೆಟ್‌ಡೆವ್. ಇವೆರಡು ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ನ್ಯಾಸ್‌ಗಿಂತ ಮೊದಲು ಎದ್ದ ಸರ್ವರ್ ಬೂಟ್ ಆಗದೆ ಅರ್ಧಕ್ಕೆ ನಿಲ್ಲಬಹುದು. ನೀವು ಕೇಳಿದ್ದು ಸಿಕ್ಕಿದೆಯೇ ಅಂತ ಎನ್‌ಎಫ್‌ಎಸ್‌ಸ್ಟ್ಯಾಟ್ ಕಮಾಂಡಿನ ಎಂ ಆಯ್ಕೆಯಲ್ಲಿ ನೋಡಿ. 1 ಎಂಬಿ ಕೇಳಿದರೂ ಕೆಲವು ನ್ಯಾಸ್‌ಗಳು 128 ಕೆಬಿಗೆ ಇಳಿಸಿಬಿಡುತ್ತವೆ.

ನ್ಯಾಸ್ ಕಡೆ ಎಕ್ಸ್‌ಪೋರ್ಟ್‌ನಲ್ಲಿ (ಫೋಲ್ಡರನ್ನು ಹಂಚುವ ಸೆಟ್ಟಿಂಗ್) ಸಿಂಕ್ ಇರಬೇಕು. ಎಸಿಂಕ್ ಹಾಕಿದರೆ ವೇಗ ಕಾಣುತ್ತದೆ, ಆದರೆ ಡಿಸ್ಕಿಗೆ ಬರೆಯುವ ಮುಂಚೆಯೇ ಬರೆದೆ ಅಂತ ನ್ಯಾಸ್ ಹೇಳುತ್ತದೆ. ಆಗ ಕರೆಂಟ್ ಹೋದರೆ ಸರ್ವರ್ ಬ್ಯಾಕಪ್ ಆಯಿತು ಅಂದುಕೊಂಡಿರುತ್ತದೆ, ಫೈಲ್ ಇರುವುದಿಲ್ಲ. ರೂಟ್ ಸ್ಕ್ವಾಶ್ (ಸರ್ವರಿನ ರೂಟ್ ಯೂಸರಿಗೆ ನ್ಯಾಸ್‌ನಲ್ಲಿ ರೂಟ್ ಅಧಿಕಾರ ಕೊಡದ ಆಯ್ಕೆ) ಹಾಗೇ ಇರಲಿ. ಪೋಸ್ಟ್‌ಗ್ರೆಸ್ ಯೂಸರಿನ ನಂಬರ್ ಎರಡೂ ಕಡೆ ಹೊಂದಬೇಕು. ಪರ್ಮಿಷನ್ ತೊಂದರೆ ಬಂದಾಗ ಫೋಲ್ಡರಿಗೆ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟು ಕೈತೊಳೆದುಕೊಳ್ಳಬೇಡಿ. ಡೇಟಾಬೇಸ್ ಸರ್ವರಿನ ಐಪಿಗೆ ಮಾತ್ರ ಎಕ್ಸ್‌ಪೋರ್ಟ್ ಮಾಡಿ.

ಮೌಂಟ್ ಆಗದೇ ಇದ್ದಾಗ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಕಡೆ ಸರ್ವರ್ ರೀಬೂಟ್ ಆದ ಮೇಲೆ ನ್ಯಾಸ್ ಮೌಂಟ್ ಆಗಿರಲಿಲ್ಲ. ಆದರೆ ಫೋಲ್ಡರ್ ಇತ್ತಲ್ಲ, ಖಾಲಿ ಫೋಲ್ಡರ್. ಬ್ಯಾಕಪ್ ಸ್ಕ್ರಿಪ್ಟ್ ಅದರೊಳಗೇ ಬರೆಯಿತು, ಅಂದರೆ ಸರ್ವರಿನ ಸ್ವಂತ ಡಿಸ್ಕಿಗೆ. ಎರಡು ರಾತ್ರಿ ಎಲ್ಲವೂ ಹಸಿರಾಗಿಯೇ ಇತ್ತು. ಮೂರನೇ ರಾತ್ರಿ ರೂಟ್ ಡಿಸ್ಕ್ ತುಂಬಿ ಸರ್ವರ್ ಕುಸಿಯಿತು. ನ್ಯಾಸ್‌ನಲ್ಲಿ ಆ ಎರಡು ದಿನದ ಬ್ಯಾಕಪ್ಪೂ ಇರಲಿಲ್ಲ. ಅಂದಿನಿಂದ ಎರಡು ಕೆಲಸ ತಪ್ಪಿಸುವುದಿಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಮೌಂಟ್‌ಪಾಯಿಂಟ್ ಕಮಾಂಡಿನಿಂದ ಪರೀಕ್ಷೆ, ಮೌಂಟ್ ಆಗಿಲ್ಲದಿದ್ದರೆ ಅಲ್ಲೇ ನಿಲ್ಲಬೇಕು. ಜೊತೆಗೆ, ಮೌಂಟ್ ಮಾಡುವ ಮುಂಚೆ ಆ ಖಾಲಿ ಫೋಲ್ಡರಿಗೆ ಚಾಟರ್ ಕಮಾಂಡಿನಿಂದ ಇಮ್ಯೂಟಬಲ್ ಗುರುತು. ಆಗ ಮೌಂಟ್ ಇಲ್ಲದಾಗ ರೂಟ್ ಯೂಸರ್ ಕೂಡ ಅಲ್ಲಿ ಬರೆಯಲಾರ.

128 ಜಿಬಿ ರ‍್ಯಾಮ್ ಇರುವುದರಿಂದ ಇನ್ನೊಂದು ಮಾತು. ಡಿಸ್ಕಿಗೆ ಇನ್ನೂ ಬರೆಯದ ಡೇಟಾವನ್ನು ರ‍್ಯಾಮಿನಲ್ಲಿ ಇಟ್ಟುಕೊಳ್ಳಲು ಲಿನಕ್ಸ್ ಮಾಮೂಲಿಯಾಗಿ 20 ಪರ್ಸೆಂಟ್ ತನಕ ಬಿಡುತ್ತದೆ. ನಿಮ್ಮಲ್ಲಿ ಅದು ಹತ್ತಿರ ಹತ್ತಿರ 25 ಜಿಬಿ. ಬ್ಯಾಕಪ್ ವೇಗ ಹೆಚ್ಚಾಗಿ ನ್ಯಾಸ್ ಹಿಂದೆ ಬಿದ್ದರೆ ಈ ರಾಶಿ ಬೆಳೆಯುತ್ತದೆ. ಮಿತಿ ಮುಟ್ಟಿದಾಗ ಡೇಟಾಬೇಸಿನ ಬರವಣಿಗೆಯೂ ಅದರ ಜೊತೆ ತಡವರಿಸಬಹುದು. ಲಿನಕ್ಸ್ ಕರ್ನೆಲ್ ಸೆಟ್ಟಿಂಗ್‌ಗಳಲ್ಲಿ ವಿಎಂ ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ 256 ಎಂಬಿ, ಡರ್ಟಿ ಬೈಟ್ಸ್ 1 ಜಿಬಿ ಅಂತ ಇಟ್ಟು ಶುರುಮಾಡಿ, ಒಂದು ವಾರ ನೋಡಿ.

ಇನ್ನು ಕಣ್ಣಿಡುವುದು ಹೇಗೆ ಅನ್ನುವ ಪ್ರಶ್ನೆ. ಹೆಚ್ಚಿನವರು ನ್ಯಾಸ್ ಎಷ್ಟು ಪರ್ಸೆಂಟ್ ತುಂಬಿದೆ ಅಂತ ಮಾತ್ರ ನೋಡುತ್ತಾರೆ. ಅದು ಬೇಕು, ಆದರೆ ಅದರಿಂದ ಆರೋಗ್ಯ ಗೊತ್ತಾಗುವುದಿಲ್ಲ. ಎನ್‌ಎಫ್‌ಎಸ್‌ಐಒಸ್ಟ್ಯಾಟ್ ಅನ್ನುವ ಕಮಾಂಡ್ ಕಲಿಯಿರಿ. ಬ್ಯಾಕಪ್ ಹೊತ್ತಿನಲ್ಲಿ 10 ಸೆಕೆಂಡಿಗೊಮ್ಮೆ ಓಡಿಸಿ. ಅದರಲ್ಲಿ ಎರಡು ಕಾಲಂ ಮುಖ್ಯ. ಆರ್‌ಟಿಟಿ ಅಂದರೆ ಕೋರಿಕೆ ಸರ್ವರಿನಿಂದ ಹೊರಟು ನ್ಯಾಸ್ ಉತ್ತರ ಬರುವ ತನಕದ ಸಮಯ. ಎಕ್ಸ್‌ಇ ಅಂದರೆ ಕೋರಿಕೆ ಹುಟ್ಟಿದಾಗಿನಿಂದ ಮುಗಿಯುವ ತನಕದ ಒಟ್ಟು ಸಮಯ. ಇವೆರಡರ ನಡುವಿನ ವ್ಯತ್ಯಾಸವೇ ಸರ್ವರಿನ ಒಳಗೆ ಸರದಿಯಲ್ಲಿ ಕಾದ ಹೊತ್ತು.

ಇದನ್ನು ಓದುವ ಬಗೆ ಹೀಗೆ. 1 ಎಂಬಿಯ ಒಂದು ಬರವಣಿಗೆ ಗಿಗಾಬಿಟ್ ತಂತಿಯಲ್ಲಿ ಹಾಯಲು 9 ಮಿಲಿಸೆಕೆಂಡು ಬೇಕೇ ಬೇಕು. ಹಾಗಾಗಿ ಬ್ಯಾಕಪ್ ಹೊತ್ತಿನಲ್ಲಿ ಆರ್‌ಟಿಟಿ ಕೆಲವು ಹತ್ತು ಮಿಲಿಸೆಕೆಂಡು ಇದ್ದರೆ ಹೆದರಬೇಡಿ. ಆರ್‌ಟಿಟಿ ಕಡಿಮೆ ಇದ್ದು ಎಕ್ಸ್‌ಇ ಮಾತ್ರ ನೂರಾರು ಆದರೆ, ನ್ಯಾಸ್ ಚೆನ್ನಾಗಿದೆ, ನೀವು ಒಂದೇ ಬಾಗಿಲಲ್ಲಿ ಜಾಸ್ತಿ ತುರುಕುತ್ತಿದ್ದೀರಿ ಅಂತ. ಎನ್‌ಕನೆಕ್ಟ್ ಸಹಾಯಕ್ಕೆ ಬರುವುದು ಆಗ. ಆರ್‌ಟಿಟಿಯೇ ಏರಿದ್ದರೆ ತಂತಿ ಅಥವಾ ನ್ಯಾಸ್. ನ್ಯಾಸ್ ಒಳಗೆ ಹೋಗಿ ಐಒಸ್ಟ್ಯಾಟ್‌ನಲ್ಲಿ ನಾಲ್ಕು ಡಿಸ್ಕನ್ನೂ ಪಕ್ಕಪಕ್ಕ ನೋಡಿ. ಮೂರು ಡಿಸ್ಕಿನ ಅವೈಟ್ (ಒಂದು ಕೋರಿಕೆಗೆ ಹಿಡಿದ ಮಿಲಿಸೆಕೆಂಡು) 10 ಇದ್ದು ಒಂದರದ್ದು ಮಾತ್ರ 200 ಇದ್ದರೆ ಆ ಡಿಸ್ಕ್ ಹೋಗುವ ದಾರಿಯಲ್ಲಿದೆ. ರೇಡ್ 5ರಲ್ಲಿ ಒಂದು ಡಿಸ್ಕ್ ಕುಂಟಿದರೆ ಎಲ್ಲವೂ ಕುಂಟುತ್ತವೆ. ನಾಲ್ಕೂ ಒಂದೇ ಥರ ನಿಧಾನವಾಗಿದ್ದರೆ ಡಿಸ್ಕಿನ ಮಾಡೆಲ್ ನೋಡಿ. ಎಸ್‌ಎಂಆರ್ ಬಗೆಯ (ಬರೆಯುವ ಪಟ್ಟೆಗಳು ಒಂದರ ಮೇಲೊಂದು ಚಾಚಿಕೊಂಡಿರುವ) ಡಿಸ್ಕಾದರೆ ಶುರುವಿನಲ್ಲಿ ಚೆನ್ನಾಗಿ ಓಡಿ, ಗಂಟೆಗಟ್ಟಲೆ ಬರೆಯುವಾಗ ಸೋಲುತ್ತವೆ. ಬ್ಯಾಕಪ್ ನ್ಯಾಸ್‌ಗೆ ಪಟ್ಟೆಗಳು ಬೇರೆ ಬೇರೆಯಾಗಿರುವ ಸಿಎಂಆರ್ ಡಿಸ್ಕೇ ಇರಬೇಕು.

ಅದೇ ಕಮಾಂಡಿನಲ್ಲಿ ರೀಟ್ರಾನ್ಸ್ ಅಂತ ಇನ್ನೊಂದು ಕಾಲಂ ಇದೆ. ಅದು ಸೊನ್ನೆ ಇರಬೇಕು. ಒಂದು ಕಂಡರೂ, ಒಂದು ಕೋರಿಕೆಗೆ ಇಡೀ ಒಂದು ನಿಮಿಷ ಉತ್ತರ ಬರಲಿಲ್ಲ ಅಥವಾ ಕನೆಕ್ಷನ್ ಕಡಿದುಹೋಯಿತು ಅಂತ ಅರ್ಥ. ಕರ್ನೆಲ್ ಸಂದೇಶ ತೋರಿಸುವ ಡಿಎಂಇಎಸ್‌ಜಿಯಲ್ಲಿ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್ ಅನ್ನುವ ಸಾಲೂ ಇರಬಹುದು.

ಜಂಬೋ ಫ್ರೇಮ್ (ಮಾಮೂಲಿಗಿಂತ ದೊಡ್ಡ ನೆಟ್‌ವರ್ಕ್ ಪ್ಯಾಕೆಟ್) ಹಾಕಿದ್ದೀರಾ ಅಂತ ನೀವು ಹೇಳಿಲ್ಲ. ಹಾಕಿದ್ದರೆ ಸರ್ವರ್, ಸ್ವಿಚ್, ನ್ಯಾಸ್ ಮೂರರಲ್ಲೂ 9000 ಇರಬೇಕು. ಒಂದು ಕಡೆ ತಪ್ಪಿದರೆ ಲಕ್ಷಣ ವಿಚಿತ್ರವಾಗಿರುತ್ತದೆ. ಮೌಂಟ್ ಆಗುತ್ತದೆ, ಎಲ್‌ಎಸ್ ಉತ್ತರ ಕೊಡುತ್ತದೆ, ಚಿಕ್ಕ ಫೈಲ್ ಹೋಗುತ್ತದೆ. ದೊಡ್ಡ ಫೈಲ್ ಬರೆಯಲು ಹೋದರೆ ಕಲ್ಲಿನಂತೆ ನಿಂತುಬಿಡುತ್ತದೆ. ಪಿಂಗ್‌ಗೆ ತುಂಡು ಮಾಡಬೇಡ ಅನ್ನುವ ಆಯ್ಕೆ ಕೊಟ್ಟು 8972 ಗಾತ್ರ ಕಳಿಸಿ. ಉತ್ತರ ಬರದಿದ್ದರೆ ಕಾರಣ ಸಿಕ್ಕಿತು.

ತಿಂಗಳಿಗೊಮ್ಮೆ ಮಾತ್ರ ಬ್ಯಾಕಪ್ ನಿಧಾನ ಆದರೆ ನ್ಯಾಸ್‌ನ ಸ್ವಂತ ಕೆಲಸಗಳ ವೇಳಾಪಟ್ಟಿ ನೋಡಿ. ರೇಡ್ ಪರೀಕ್ಷೆ, ಸ್ಮಾರ್ಟ್ (ಡಿಸ್ಕಿನ ಆರೋಗ್ಯದ) ಉದ್ದ ಪರೀಕ್ಷೆ ಎಲ್ಲ ಹೆಚ್ಚಾಗಿ ಮಧ್ಯರಾತ್ರಿಯೇ ಶುರುವಾಗುತ್ತವೆ. ಡೆಬಿಯನ್ ಲಿನಕ್ಸ್‌ನಲ್ಲಿ ಎಂಡಿ ರೇಡ್ (ಸಾಫ್ಟ್‌ವೇರ್ ರೇಡ್) ಪರೀಕ್ಷೆ ಮಾಮೂಲಿಯಾಗಿ ತಿಂಗಳ ಮೊದಲ ಭಾನುವಾರ ನಡುರಾತ್ರಿಗೇ ಇಟ್ಟದ್ದು. ಅವನ್ನು ನಿಲ್ಲಿಸಬೇಡಿ. ಭಾನುವಾರ ಮಧ್ಯಾಹ್ನಕ್ಕೆ ಸರಿಸಿ.

ಡಿಎಫ್ ಸಿಕ್ಕಿಹಾಕಿಕೊಂಡಿತು ಅಂದಿರಲ್ಲ, ಮಾನಿಟರಿಂಗ್ ಟೂಲ್‌ಗೂ ಅದೇ ಗತಿ. ಸತ್ತ ಮೌಂಟನ್ನು ಮುಟ್ಟಿದ ಸ್ಕ್ರಿಪ್ಟ್ ಅಲ್ಲೇ ಕೂರುತ್ತದೆ, ಮುಂದಿನ ನಿಮಿಷ ಇನ್ನೊಂದು ಬಂದು ಕೂರುತ್ತದೆ. ಮುಟ್ಟುವ ಪ್ರತಿ ಕಮಾಂಡಿಗೂ ಟೈಮ್‌ಔಟ್ ಕಟ್ಟಿ. ಪ್ರೊಮಿಥಿಯಸ್ ಅನ್ನುವ ಮಾನಿಟರಿಂಗ್ ಟೂಲ್ ಬಳಸಿದರೆ ಅದರ ನೋಡ್ ಎಕ್ಸ್‌ಪೋರ್ಟರ್ ಸಿಕ್ಕಿಕೊಂಡ ಮೌಂಟನ್ನು ಗುರುತಿಸಿ ಬದಿಗಿಡುತ್ತದೆ. ಆರ್‌ಟಿಟಿಯಂಥ ಅಂಕಿ ಕೊಡುವ ಮೌಂಟ್‌ಸ್ಟ್ಯಾಟ್ಸ್ ಕಲೆಕ್ಟರ್ ಮಾತ್ರ ತಾನಾಗಿ ಆನ್ ಇರುವುದಿಲ್ಲ, ನೀವೇ ಆನ್ ಮಾಡಬೇಕು.

ಇವೆಲ್ಲಕ್ಕಿಂತ ಮೇಲೆ ಎರಡು ಅಂಕಿ ಇವೆ. ಕೊನೆಯ ಒಳ್ಳೆಯ ಬ್ಯಾಕಪ್ ಎಷ್ಟು ಹಳೆಯದು? ನ್ಯಾಸ್‌ಗೆ ತಲುಪಿದ ಕೊನೆಯ ವಾಲ್ ಎಷ್ಟು ಹಳೆಯದು? ತಪ್ಪಾದಾಗ ಮೆಸೇಜ್ ಕಳಿಸುವ ವ್ಯವಸ್ಥೆ ಸಾಲದು. ಸರಿಯಾದ ಸುದ್ದಿ 26 ಗಂಟೆಯಾದರೂ ಬರಲಿಲ್ಲ ಅಂದರೆ ಬೇರೊಂದು ಯಂತ್ರ ತಾನೇ ಕೂಗಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಅನ್ನುವ ಕೋಡ್ ಹಂಚುವ ತಾಣದಲ್ಲಿ ಒಬ್ಬ ಎಂಜಿನಿಯರ್ ತಪ್ಪಿ ಮುಖ್ಯ ಡೇಟಾಬೇಸಿನ ಫೋಲ್ಡರನ್ನೇ ಅಳಿಸಿದರು. 300 ಜಿಬಿಯಲ್ಲಿ ಉಳಿದದ್ದು ಸುಮಾರು 4.5 ಜಿಬಿ. ಬ್ಯಾಕಪ್ ಹುಡುಕಿದರೆ ಜಾಗ ಖಾಲಿ. ಬ್ಯಾಕಪ್ ತೆಗೆಯುವ ಪಿಜಿ ಡಂಪ್ ಕಮಾಂಡಿನ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ಪ್ರತಿ ಸಲವೂ ಸೋಲುತ್ತಿತ್ತು. ಸೋತೆ ಅಂತ ಕಳಿಸುತ್ತಿದ್ದ ಇಮೇಲನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಬೇರೆ ಕೆಲಸಕ್ಕೆಂದು ಅದೃಷ್ಟವಶಾತ್ 6 ಗಂಟೆ ಮುಂಚೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ಪ್ರತಿ) ಅವರನ್ನು ಉಳಿಸಿತು. ಅದನ್ನು ನಿಧಾನದ ಡಿಸ್ಕಿನಿಂದ ವಾಪಸ್ ತರಲು ಸುಮಾರು 18 ಗಂಟೆ ಹಿಡಿಯಿತು. ಅವರು ಇದನ್ನೆಲ್ಲ ಮುಚ್ಚಿಡದೆ ಬರೆದು ಹಂಚಿಕೊಂಡಿದ್ದು ನಮ್ಮಂಥವರಿಗೆ ದೊಡ್ಡ ಉಪಕಾರ.

ಹಾಗಾಗಿ ಬ್ಯಾಕಪ್ ಗಾತ್ರವನ್ನು ಹೋದ ವಾರದ ಜೊತೆ ಹೋಲಿಸುವ ಒಂದು ಸಾಲು ಸ್ಕ್ರಿಪ್ಟಿನಲ್ಲಿರಲಿ. 260 ಜಿಬಿ ಇದ್ದದ್ದು 190 ಆದರೆ ಕೇಳಬೇಕು. ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ರೀಸ್ಟೋರ್ ಮಾಡಿ, ಗಡಿಯಾರ ಇಟ್ಟುಕೊಂಡು ಮಾಡಿ. ಬ್ಯಾಕಪ್ ಪರೀಕ್ಷಿಸುವ ಪಿಜಿ ವೆರಿಫೈಬ್ಯಾಕಪ್ ಅನ್ನುವ ಕಮಾಂಡ್ ಇದೆ, ಆದರೆ ನಿಮ್ಮ 16ರಲ್ಲಿ ಅದು ಟಾರ್ ಫೈಲನ್ನು ನೇರವಾಗಿ ಪರೀಕ್ಷಿಸುವುದಿಲ್ಲ. ಬಿಚ್ಚಿಟ್ಟ ಮೇಲೆ ಓಡಿಸಬೇಕು. ಹೇಗೂ ರೀಸ್ಟೋರ್‌ಗೆ ಬಿಚ್ಚುತ್ತೀರಲ್ಲ, ಆಗಲೇ ಮಾಡಿ. ಆಮೇಲೆ ಡೇಟಾಬೇಸ್ ಎಬ್ಬಿಸಿ, ನಿನ್ನೆಯ ಒಂದು ಠೇವಣಿ ಖಾತೆ ತೆಗೆದು, ಬ್ಯಾಲೆನ್ಸ್ ಸರಿ ಇದೆಯಾ ಅಂತ ಲೆಕ್ಕಪತ್ರ ವಿಭಾಗದವರ ಜೊತೆ ಕೂತು ನೋಡಿ.

ಸ್ವಿಚ್ಚಿಗೆ ಎತ್ತಿಟ್ಟ ದುಡ್ಡು ಇದೆಯಲ್ಲ, ಅದನ್ನು ಎರಡು ಕಡೆ ಹಾಕಿ. ತಂಗುದಾಣಕ್ಕೆ ಒಂದು ಎಸ್‌ಎಸ್‌ಡಿ. ಇನ್ನೊಂದು, ಆಫೀಸಿನ ಹೊರಗೆ ಇಡಲು ಎರಡು ದೊಡ್ಡ ಹಾರ್ಡ್‌ಡಿಸ್ಕ್. ಈಗ ನಿಮ್ಮ ಡೇಟಾಬೇಸ್, ನ್ಯಾಸ್ ಎರಡೂ ಒಂದೇ ಕೋಣೆಯಲ್ಲಿವೆ ಅಂತ ಅಂದುಕೊಂಡಿದ್ದೇನೆ. ಮೇಲಾಗಿ ನ್ಯಾಸ್ ಸರ್ವರ್‌ಗೆ ಮೌಂಟ್ ಆಗಿಯೇ ಇರುತ್ತದೆ. ಸರ್ವರ್‌ಗೆ ರ‍್ಯಾನ್ಸಮ್‌ವೇರ್ ಹೊಕ್ಕರೆ ನ್ಯಾಸ್‌ನ ಫೈಲ್‌ಗಳನ್ನೂ ಮುಟ್ಟಬಲ್ಲದು. ನ್ಯಾಸ್‌ನಲ್ಲೇ ದಿನಕ್ಕೊಂದು ಸ್ನ್ಯಾಪ್‌ಶಾಟ್ ಹಾಕಿ, ಅದನ್ನು ಅಳಿಸುವ ಪಾಸ್‌ವರ್ಡ್ ಡೇಟಾಬೇಸ್ ಸರ್ವರ್‌ನಲ್ಲಿ ಎಲ್ಲೂ ಇರದಂತೆ ನೋಡಿಕೊಳ್ಳಿ. ಹಾರ್ಡ್‌ಡಿಸ್ಕುಗಳನ್ನು ಎನ್‌ಕ್ರಿಪ್ಟ್ ಮಾಡಿ, ವಾರಕ್ಕೊಂದರಂತೆ ಅದಲುಬದಲು ಮಾಡಿ, ಒಂದು ಯಾವಾಗಲೂ ಬೇರೆ ಶಾಖೆಯ ಲಾಕರಿನಲ್ಲಿರಲಿ.

ಝಡ್‌ಎಸ್‌ಟಿಡಿ ಹಾಕಿದ ಮೊದಲ ರಾತ್ರಿಯ ಎನ್‌ಎಫ್‌ಎಸ್‌ಐಒಸ್ಟ್ಯಾಟ್ ಅಂಕಿಗಳನ್ನು ತೆಗೆದಿಟ್ಟು ನನಗೆ ಕಳಿಸಿ. ಆಗಲೂ ಎರಡು ಗಂಟೆ ಮೀರಿದರೆ ಮುಂದೆ ಎಲ್ಲಿ ನೋಡಬೇಕು ಅಂತ ಅವೇ ಹೇಳುತ್ತವೆ.